ಗೂನಜ್ಜನ ಜಾಗಕ್ಕೆ

ವಾಪಸ್ಸು ಬಂದ ಕಾರ್ಡಿನ ಕಟ್ಟುಗಳು ಪ್ರೆಸ್ಸಿನ ಬಾಗಿಲಲ್ಲೇ ಬಿದ್ದಿದ್ದವು. ಒಳಗೆ ತಂದಿಡುವ ಮನಸ್ಸು ಯಾರಿಗೂ ಇರಲಿಲ್ಲ. ಮಲಗಿದ ನಾಯಿಯನ್ನು ದಾಟುವ ಹಾಗೆ ಎಲ್ಲರೂ ಅವನ್ನು ದಾಟಿಕೊಂಡೇ ಓಡಾಡುತ್ತಿದ್ದರು.

ಹೊಲಿಗೆ ದಾರ ಮಾಡುವ ಸಾಹುಕಾರರ ಶೇಡ್ ಕಾರ್ಡುಗಳು ಅವು. ದಾರದಲ್ಲಿ ಎಷ್ಟು ಬಣ್ಣಗಳಿವೆಯೋ ಅಷ್ಟನ್ನೂ ದಪ್ಪ ಹಾಳೆಯ ಮೇಲೆ ಚೌಕ ಚೌಕವಾಗಿ ಅಚ್ಚು ಹಾಕಿದ್ದು. ದರ್ಜಿಗಳು ಬಟ್ಟೆಯನ್ನು ಪಕ್ಕದಲ್ಲಿ ಹಿಡಿದು ನೋಡಿ, ಈ ಬಣ್ಣದ ರೀಲು ಕೊಡಿ ಎಂದು ಚೌಕದ ಮೇಲೆ ಬೆರಳಿಡುತ್ತಾರೆ. ಕಾರ್ಡಿನಲ್ಲಿ ಒಂದು ಬಣ್ಣ, ರೀಲಿನಲ್ಲಿ ಇನ್ನೊಂದು ಬಣ್ಣ ಆದರೆ ಬೈಸಿಕೊಳ್ಳುವವರು ಸಾಹುಕಾರರು. ಈ ಸಲ ಹಾಗೇ ಆಗಿತ್ತು. ಹಾಲುಬಿಳುಪಿನ ಚೌಕ ನೀಲಿ ಹೆಚ್ಚಾಗಿ ಅದ್ದಿದ ಅಂಗಿಯಂತಿತ್ತು. ಕೆನೆಬಣ್ಣ ಬೂದಿಯಾಗಿತ್ತು, ಗುಲಾಬಿ ನೇರಳೆಗೆ ತಿರುಗಿತ್ತು. ಕಾರ್ಡಿನ ಮೇಲೆ ಯಾರೋ ಚಳಿಗಾಲ ಸುರಿದ ಹಾಗೆ.

ಪ್ರೆಸ್ಸು ಒಂದೇ ಮನೆಯವರದು. ತಂದೆಯವರು ಕಟ್ಟಿದ್ದು. ಅವರು ಹೋದ ಮೇಲೆ ಕಿರಿಯ ಮಗ ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳನ್ನು ನೋಡುತ್ತಿದ್ದ. ಹಿರಿಯ ಮಗ ಹಿಂದಿನ ಕೋಣೆಯಲ್ಲಿ ಮಿಷನ್ ಓಡಿಸುತ್ತಿದ್ದ. ಹಿರಿಯನ ಹೆಂಡತಿ ಮೆಟ್ಟಿಲು ಹತ್ತಿ ಮಹಡಿಯ ಮೇಲೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಮಿಷನ್ನಿಗೆ ಹೋಗುವ ಪ್ರತಿ ಬಣ್ಣವೂ ಅವಳ ಕಣ್ಣಿನ ಕೆಳಗೆ ಹಾದೇ ಹೋಗಬೇಕಿತ್ತು. ಅವಳು ಹೊಂದಿಸಿಕೊಟ್ಟ ಹಾಗೇ ಅಚ್ಚಿನ ತಗಡು, ಅಂದರೆ ಪ್ಲೇಟು, ತಯಾರಾಗುತ್ತಿತ್ತು. ಆಳುಕಾಳುಗಳೂ ಗಿರಾಕಿಗಳೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಇನ್ನೊಂದು ಹೆಸರಿತ್ತೆಂಬುದು ಅವಳಿಗೇ ಮರೆತುಹೋಗಿತ್ತು.

ಬಣ್ಣದಕ್ಕನಿಗೆ ಒಂದು ಹಟವಿತ್ತು. ರೀಲನ್ನು ಕೈಯಲ್ಲಿ ಹಿಡಿದು ಸ್ಕ್ರೀನಿನ ಪಕ್ಕಕ್ಕಿಟ್ಟು ನೋಡುವವಳಲ್ಲ ಅವಳು. ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರ ಜೊತೆ ಕಲ್ಲಿನ ಹಲಗೆಯ ಮೇಲೆ ಇಂಕು ಕಲಸುತ್ತಿದ್ದ ಕಾಲದಿಂದ ಸಾಹುಕಾರರ ದಾರದ ಬಣ್ಣಗಳೆಲ್ಲ ಅವಳಿಗೆ ಬಾಯಿಪಾಠ. ಅವರ ಬಣ್ಣವೂ ಬದಲಾಗುತ್ತಿರಲಿಲ್ಲ, ಇವಳ ನೆನಪೂ ಮಾಸುತ್ತಿರಲಿಲ್ಲ. ಗಿರಾಕಿಗಳು ಬಂದರೆ ಮಾವನವರು ರೀಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಸೊಸೆಯ ಕೈಲಿ ಆ ಬಣ್ಣ ಕಲಸಿಸಿ, ಆಮೇಲೆ ಮುಷ್ಟಿ ತೆರೆದು ತೋರಿಸುತ್ತಿದ್ದರು. ಬಂದವರು ಹುಬ್ಬೇರಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅವಳು ಆ ಪದ್ಧತಿ ಬಿಡಲಿಲ್ಲ. ರೀಲಿನ ಪೆಟ್ಟಿಗೆ ಕೆಳಗೆ ಮಿಷನ್ನಿನ ಹತ್ತಿರ ಇರುತ್ತಿತ್ತು. ಮೇಲೆ ಬೇಕೇ ಇರಲಿಲ್ಲ.

ಈಗ ತಪ್ಪು ಎಲ್ಲಿ ಎಂಬ ಪ್ರಶ್ನೆ ಬಂತು. ಆ ಕಾರ್ಡು ಅಚ್ಚಾಗುವ ಹೊತ್ತಿಗೆ ಗಂಡ ಜ್ವರ ಬಂದು ಮಲಗಿದ್ದ. ಪಕ್ಕದ ಬೀದಿಯ ಪ್ರೆಸ್ಸಿನಿಂದ ಬದಲಿ ಆಳನ್ನು ಕರೆಸಿ ಮಿಷನ್ ಓಡಿಸಿದ್ದರು. ಮೈದುನ ಮೊದಲು ಅವನನ್ನೇ ಹಿಡಿದು ಕೇಳಿದ. ಅವನು ಬೆದರಲಿಲ್ಲ. ಪ್ಲೇಟು ಹೇಗೆ ಕೊಟ್ಟಿರೋ ಹಾಗೇ ಓಡಿಸಿದ್ದೇನೆ, ಇಂಕು ಹೆಚ್ಚುಕಮ್ಮಿ ಮಾಡುವ ಒಂದು ತಿರುಪನ್ನೂ ಮುಟ್ಟಿಲ್ಲ, ಬೇಕಾದರೆ ಬಂದು ನೋಡಿ ಎಂದ. ನೋಡಿದರೆ ಅವನು ಹೇಳಿದ್ದು ನಿಜವಾಗಿತ್ತು. ಹಾಗಾದರೆ ಉಳಿದದ್ದು ಮಹಡಿ.

ಮಹಡಿಯ ಮೇಲೆ ಇದ್ದವರು ಇಬ್ಬರೇ. ಬಣ್ಣದಕ್ಕ, ಮತ್ತು ಅವಳ ಹಳೆಯ ಮಾನಿಟರ್. ಹಳೇ ಟಿವಿಯಂತೆ ಬೆನ್ನು ಉಬ್ಬಿಸಿಕೊಂಡು ಮೇಜಿನ ಅರ್ಧ ಜಾಗ ನುಂಗಿ ಕೂತಿದ್ದ ಅದಕ್ಕೆ ಮನೆಯವರು ಗೂನಜ್ಜ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಅದಕ್ಕೆ ಬಿಸಿಯೇರುವ ತನಕ ಚಿತ್ರ ನಡುಗುತ್ತಿತ್ತು. ಬಿಳಿ ಎಂಬುದು ಅದರಲ್ಲಿ ಎಂದೋ ಹಳದಿಯಾಗಿತ್ತು. ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಬಣ್ಣದಕ್ಕನ ಮೇಲೆ ಅನುಮಾನಪಡುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಗೂನಜ್ಜನೇ ತಪ್ಪಿತಸ್ಥನಾದ.

ಮೈದುನ ಮಹಡಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತ.

"ಅತ್ತಿಗೆ, ಇವತ್ತೇ ಹೋಗಿ ಹೊಸ ಮಾನಿಟರ್ ತರೋಣ. ನೀವೇ ಬಂದು ಆರಿಸಿ. ಕೂರೋರು ನೀವು, ನೋಡೋ ಕಣ್ಣು ನಿಮ್ದು."

"ಆಗಲಿ ಬಿಡು."

"ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಸಾಹುಕಾರರು ಇನ್ನೊಂದೇ ಸಲ ನೋಡ್ತೀನಿ ಅಂದಿದ್ದಾರೆ. ಹೊಸದು ಹಾಕಿಯೂ ಬಣ್ಣ ಕೆಟ್ರೆ, ಬಣ್ಣದ ಕೆಲಸವನ್ನ ಹೊರಗಡೆಯವರಿಗೆ ಕೊಡದೆ ನನಗೆ ದಾರಿ ಇಲ್ಲ. ನೀವು ಕೆಳಗೆ ಬೈಂಡಿಂಗ್ ನೋಡ್ಕೊಂಡು ಆರಾಮಾಗಿರಿ."

ಆರಾಮ ಎಂಬ ಮಾತು ಅವಳ ಎದೆಗೆ ಚುಚ್ಚಿತು. ತೋರಿಸಿಕೊಳ್ಳಲಿಲ್ಲ. ಮೈದುನ ಕೆಟ್ಟವನಲ್ಲ. ಅವನು ಚಡ್ಡಿ ಹಾಕಿಕೊಂಡು ಇಂಕಿನ ಡಬ್ಬಿಯಲ್ಲಿ ಕೈ ಅದ್ದಿ ಗೋಡೆಗೆ ಬಳಿಯುತ್ತಿದ್ದಾಗಿನಿಂದ ಅವನನ್ನು ಕಂಡವಳು ಅವಳು.

ಆದರೆ ಅವಳೊಳಗೆ ಬೇರೆಯೇ ಒಂದು ಹೆದರಿಕೆ ಕೂತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಗೆದು ಹರವಿದ ಬಿಳಿ ಬಟ್ಟೆ ಬಹಳ ದಿನದಿಂದ ಅವಳಿಗೆ ಹಳದಿಯಾಗಿ ಕಾಣುತ್ತಿತ್ತು. ಸೋಪು ಬದಲಾಯಿಸಿದಳು. ಸುಣ್ಣ ಬಳಿಸಿದ ಗೋಡೆ ಮಂಕಾಗಿ ಕಂಡಾಗ ಬಲ್ಬನ್ನು ದೂರಿದಳು. ಕಾಗದದವನು ಕಳಪೆ ಮಾಲು ಕೊಡುತ್ತಿದ್ದಾನೆ ಎಂದು ಜಗಳವನ್ನೂ ಮಾಡಿದ್ದಳು. ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತು ಬಲಗಣ್ಣು ಮುಚ್ಚಿ ಒಂದು ಖಾಲಿ ಹಾಳೆ ನೋಡಿದಳು, ಎಡಗಣ್ಣು ಮುಚ್ಚಿ ಅದೇ ಹಾಳೆ ನೋಡಿದಳು. ಎರಡು ಕಣ್ಣಿಗೂ ಒಂದೇ ಬಿಳಿ ಕಾಣಲಿಲ್ಲ. ಹಾಳೆಯನ್ನು ಮಡಿಚಿಟ್ಟವಳು ಮತ್ತೆ ಆ ಪರೀಕ್ಷೆ ಮಾಡಿಕೊಳ್ಳಲೇ ಇಲ್ಲ. ಗೂನಜ್ಜ ಇದ್ದನಲ್ಲ, ಹಳದಿಗೆಲ್ಲ ಅವನೇ ಕಾರಣ ಎಂದುಕೊಂಡರೆ ನಿದ್ದೆ ಬರುತ್ತಿತ್ತು. ಹೊಸ ಸ್ಕ್ರೀನ್ ಬಂದ ಮೇಲೆ ಯಾರ ಮೇಲೆ ಹೊರಿಸುವುದು? ಅದರಲ್ಲೂ ಬಿಳಿ ಹಳದಿಯಾಗಿಯೇ ಕಂಡರೆ?

ಹೊರಡುವ ಹೊತ್ತಿಗೆ ಗಂಡ ಕೈ ಒರೆಸಿಕೊಂಡು ಬಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟ. ಎಲ್ಲರಿಗೂ ಆಶ್ಚರ್ಯ. ಮದುವೆ ಮುಂಜಿಗೆ ಕರೆದರೂ ಮಿಷನ್ ಬಿಟ್ಟು ಬಾರದ ಮನುಷ್ಯ. ಮಾತೂ ಹಾಗೇ, ಅಳೆದು ತೂಗಿ ಆಡುವವನು. ಮೈದುನ ಕಾಲೆಳೆದ: ಅಣ್ಣನಿಗೆ ಜ್ವರ ತಲೆಗೇರಿದೆ, ಅತ್ತಿಗೆಯನ್ನು ಯಾರಾದರೂ ಕದ್ದುಕೊಂಡು ಹೋಗುತ್ತಾರೆ ಅಂತ ಕಾವಲಿಗೆ ಬರುತ್ತಿದ್ದಾನೆ. ಗಂಡ ವ್ಯಾನಿನ ಬಾಗಿಲು ಎಳೆದುಕೊಂಡ. ಬಣ್ಣದಕ್ಕನಿಗೆ ಮಾತ್ರ ಬೆಳಗಿನ ಒಂದು ನೋಟ ನೆನಪಾಯಿತು. ಜ್ವರ ಬಿಟ್ಟು ಕೆಲಸಕ್ಕೆ ಬಂದ ಗಂಡ ಬಾಗಿಲಲ್ಲಿ ಬಿದ್ದ ಕಟ್ಟಿನಿಂದ ಒಂದು ಕಾರ್ಡು ಎಳೆದು ನೋಡಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯೂ ಇರಲಿಲ್ಲ. ಆಗಬಾರದ್ದು ಆಗಿಯೇ ಹೋಯಿತು ಎನ್ನುವ ಮುಖ ಅದು.

ಅಂಗಡಿಯ ಹಿಂಗೋಡೆಯ ತುಂಬ ಮಾನಿಟರುಗಳು. ಎಲ್ಲದರಲ್ಲೂ ಒಂದೇ ಚಿತ್ರ ಓಡುತ್ತಿತ್ತು: ಒಂದು ಗಿಳಿ ರೆಕ್ಕೆ ಬಡಿಯುತ್ತಿತ್ತು, ಆಮೇಲೆ ಒಂದು ಹೂವು ಅರಳುತ್ತಿತ್ತು, ಆಮೇಲೆ ಹಿಮದ ಬೆಟ್ಟ. ಮತ್ತೆ ಗಿಳಿ. ಅಂಗಡಿಯವನು ಒಳ್ಳೆಯ ಮಾತಿನವನು. ಕುರ್ಚಿ ತಂದು ಹಾಕಿ, ಏನು ಕೆಲಸಕ್ಕೆ ಎಂದು ವಿಚಾರಿಸಿ, ಅಚ್ಚಿನ ಕೆಲಸ ಎಂದ ಕೂಡಲೇ ನಡುವಿನ ಸಾಲಿನ ಎರಡನ್ನು ತೋರಿಸಿದ. ಬಣ್ಣ ಇದ್ದದ್ದು ಇದ್ದ ಹಾಗೆ ತೋರಿಸುತ್ತವೆ, ಬಣ್ಣ ಬಳಿದು ಮೋಸ ಮಾಡುವುದಿಲ್ಲ ಎಂದ.

ಬಣ್ಣದಕ್ಕ ಕೂರಲಿಲ್ಲ. ಗಿಳಿಯನ್ನೂ ನೋಡಲಿಲ್ಲ, ಹೂವನ್ನೂ ನೋಡಲಿಲ್ಲ. ಬೆಟ್ಟಕ್ಕೆ ಕಾದಳು.

ಬೆಟ್ಟ ಬಂತು. ಗೋಡೆಯ ತುಂಬ ಹಿಮ, ಅಷ್ಟೂ ಹಿಮ ಹಳೇ ದಿಂಬಿನ ಚೀಲದ ಬಣ್ಣ. ಒಂದರಿಂದ ಒಂದಕ್ಕೆ ಕಣ್ಣು ಓಡಿಸಿದಳು. ಇದೂ ಹಳದಿ, ಅದೂ ಹಳದಿ. ಅಂಗಡಿಯವನು ಹೊಗಳಿದ ಎರಡೂ ಹಳದಿ. ಗೂನಜ್ಜನನ್ನು ಬಯ್ದ ಪಾಪ ತಟ್ಟಿತೇನೋ ಎನಿಸಿತು.

ಆಗ ಮೂಲೆಯಲ್ಲಿ ಒಂದು ಕಂಡಿತು.

ಕೆಳಗಿನ ಸಾಲಿನ ಕೊನೆಯಲ್ಲಿ, ಕಂಬದ ಮರೆಗೆ. ಅದರಲ್ಲಿ ಹಿಮ ಬೆಳ್ಳಗಿತ್ತು. ಅಪ್ಪಟ ಬಿಳಿ. ಇಂಕು ಕಲಸುವ ಹಲಗೆಯ ಪಕ್ಕ ಮಾವನವರು ಹಾಸುತ್ತಿದ್ದ ಹೊಸ ಹಾಳೆ ಹೇಗಿರುತ್ತಿತ್ತೋ ಹಾಗೆ. ಎಷ್ಟು ಕಾಲವಾಗಿತ್ತು ಇಂಥ ಬಿಳಿ ಕಂಡು. ಅವಳಿಗೆ ಕಣ್ಣು ತುಂಬಿ ಬಂತು. ಹಾಗಾದರೆ ತನ್ನ ಕಣ್ಣಿಗೆ ಏನೂ ಆಗಿಲ್ಲ. ಉಳಿದವೆಲ್ಲ ಕಳಪೆ, ಇದೊಂದೇ ನಿಜ. ಬೆರಳು ಚಾಚಿ ತೋರಿಸಿದಳು.

"ಅದು. ಅದನ್ನೇ ಕೊಡಿ."

ಅಂಗಡಿಯವನು ಬೆರಳು ಹೋದ ಕಡೆ ನೋಡಿ, ನಗಬಾರದೆಂದು ಕೆನ್ನೆ ಬಿಗಿದುಕೊಂಡ.

"ಅಮ್ಮಾ, ಅದು ಆಟ ಆಡೋರಿಗೆ ಅಂತ ಇಟ್ಟಿರೋದು. ಕಣ್ಣಿಗೆ ಹೊಡೀಲಿ ಅಂತ ಬೇಕಂತಲೇ ನೀಲಿ ಏರಿಸಿದ್ದೀವಿ. ಬೆಟ್ಟ ನೋಡಿ, ಆಕಾಶದ ಹಾಗಿದೆ. ಅಚ್ಚಿನವರಿಗೆ ಇದನ್ನ ಕೊಟ್ರೆ ನಾಳೆ ನನ್ನ ಜೊತೆ ಜಗಳಕ್ಕೆ ಬರ್ತೀರ."

ಮೈದುನನೂ ಬಗ್ಗಿ ನೋಡಿದ. "ಅಲ್ಲ ಅತ್ತಿಗೆ, ಇಷ್ಟು ದೂರಕ್ಕೆ ನನಗೇ ನೀಲಿ ಕಾಣ್ತಿದೆ. ನಿಮಗೆ ಕಾಣ್ತಿಲ್ವಾ?"

ಅವನು ತಮಾಷೆಗೇ ಕೇಳಿದ್ದು. ಆದರೆ ಕೇಳಿದ ಮೇಲೆ ಅವನ ಮುಖದಲ್ಲಿ ತಮಾಷೆ ಇಳಿಯತೊಡಗಿತು. ಎಲ್ಲರಿಗೂ ನೀಲಿ, ತನ್ನೊಬ್ಬಳಿಗೇ ಬಿಳಿ. ತಪ್ಪು ಗೋಡೆಯದಲ್ಲ. ಚಾಚಿದ ಬೆರಳನ್ನು ಮಡಿಚಿಕೊಳ್ಳುವುದು ಹೇಗೆಂದು ತಿಳಿಯದೆ ನಿಂತಳು.

ಅಷ್ಟರಲ್ಲಿ ಹಿಂದೆ ನಿಂತ ಗಂಡ ಮಾತಾಡಿದ.

"ಅವಳು ಹೇಳಿದ್ದನ್ನೇ ತಗೋ."

ಮೈದುನ ತಿರುಗಿದ. ಇದು ನೀಲಿ ಕಣೋ ಎಂದ. ಇರಲಿ ಎಂದ ಗಂಡ. ಅಂಗಡಿಯವನು ಬೇಡ ಬೇಡ ಎಂದು ಕೈಯಾಡಿಸಿದ. ಗಂಡ ಅವನ ಕಡೆ ನೋಡಲೂ ಇಲ್ಲ.

"ಅಣ್ಣ, ನಿನಗೂ ಅದು ನೀಲಿ ಕಾಣಿಸ್ತಿಲ್ವಾ?"

"ಕಾಣಿಸುತ್ತೆ."

"ಮತ್ತೆ?"

"ಅವಳಿಗೆ ಅದೇ ಸರಿಹೋಗುತ್ತೆ."

ಮೈದುನನಿಗೆ ತಾಳ್ಮೆ ತಪ್ಪಿತು. ಒಬ್ಬರು ನೀಲಿಯನ್ನು ಬಿಳಿ ಎನ್ನುತ್ತಾರೆ, ಇನ್ನೊಬ್ಬರು ನೀಲಿ ಎಂದು ಗೊತ್ತಿದ್ದೂ ಕಟ್ಟಿಸಿಕೋ ಎನ್ನುತ್ತಾರೆ, ನಾನು ಎಲ್ಲಿ ತಲೆ ಚಚ್ಚಿಕೊಳ್ಳಲಿ ಎಂದು ಗೊಣಗಿದ. ಅವನ ಜೇಬಿನಲ್ಲಿ ಫೋನು ಕೂಗಿತು. ದಾರದ ಸಾಹುಕಾರರು. ಮುಖ ಸಿಂಡರಿಸಿಕೊಂಡು, ಬಂದೆ ಎಂದು ಕೈ ಮಾಡಿ ಬೀದಿಗೆ ಹೋದ. ಅಂಗಡಿಯವನು ಬೇರೆ ಗಿರಾಕಿಯ ಕಡೆ ನಡೆದ.

ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರ ಪೇರಿಸಿಟ್ಟಿದ್ದರು. ಅದರ ಪಕ್ಕ ಗಂಡಹೆಂಡಿರು ಇಬ್ಬರೇ ಉಳಿದರು. ಅವಳಿಗೆ ಅದೇ ಸರಿಹೋಗುತ್ತೆ. ಆ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಸ್ಕ್ರೀನು ನೀಲಿಯಾಗಿದ್ದರೆ ತನಗೇಕೆ ಸರಿಹೋಗುತ್ತದೆಂದು ಇವರಿಗೆ ಹೇಗೆ ಗೊತ್ತು?

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು.

"ಯಾವುದು?"

"ರೀ."

ಗಂಡ ತನ್ನ ಚಪ್ಪಲಿ ನೋಡಿಕೊಂಡ. ಉಗುರಿನ ಸಂದಿಯ ಇಂಕನ್ನು ಇನ್ನೊಂದು ಉಗುರಿನಿಂದ ಕೆರೆದ. ಆಮೇಲೆ ಬಿಟ್ಟು ಬಿಟ್ಟು ಹೇಳಿದ. ಒಂದು ಕಾಲದಿಂದ ಪ್ಲೇಟಿನಲ್ಲಿ ನೀಲಿ ಹೆಚ್ಚು ಬರಲು ಶುರುವಾಗಿತ್ತು. ಮೊದಮೊದಲು ಪ್ಲೇಟು ಮಾಡುವವರ ತಪ್ಪೆಂದುಕೊಂಡ. ರೀಲಿನ ಪೆಟ್ಟಿಗೆ ಮಿಷನ್ನಿನ ಪಕ್ಕದಲ್ಲೇ ಇತ್ತಲ್ಲ, ರೀಲು ಹಿಡಿದು ನೋಡಿ ನೀಲಿಯ ತಿರುಪನ್ನು ಚೂರು ಬಿಗಿ ಮಾಡಿದ. ಬಣ್ಣ ಸರಿಹೋಯಿತು. ಮುಂದಿನ ಸಲ ಇನ್ನೊಂದು ಚೂರು. ಹೋಗಹೋಗುತ್ತ ಹೆಚ್ಚು ಬಿಗಿಯಬೇಕಾಯಿತು. ಮನೆಯಲ್ಲಿ ಅವಳು ಸೋಪು ಬದಲಾಯಿಸಿದಾಗ, ಬಲ್ಬನ್ನು ದೂರಿದಾಗ ಅವನಿಗೆ ತಾಳೆ ಬಿದ್ದಿತ್ತು. ಜ್ವರದಲ್ಲಿ ಮಲಗಿದ್ದಾಗ ಮೈ ಸುಡುವುದಕ್ಕಿಂತ ಇದೇ ಅವನನ್ನು ಸುಟ್ಟಿತ್ತು: ಬದಲಿ ಆಳಿಗೆ ತಿರುಪಿನ ವಿಷಯ ಹೇಳಲೋ ಬೇಡವೋ. ಹೇಳಿದರೆ ಯಾಕೆ ಎನ್ನುತ್ತಾನೆ. ಹೇಳಲಿಲ್ಲ.

ಬಣ್ಣದಕ್ಕ ಗೋಡೆಗೆ ಒರಗಿಕೊಂಡಳು. ಇಷ್ಟು ಕಾಲ ಮಹಡಿಯ ಮೇಲೆ ಕೂತು ಅವಳು ನೀಲಿ ಹಾಕುತ್ತಿದ್ದಳು, ಕೆಳಗೆ ನಿಂತು ಇವನು ನೀಲಿ ತೆಗೆಯುತ್ತಿದ್ದ. ಒಂದೇ ಮನೆ, ಒಂದೇ ಊಟದ ಮೇಜು, ನಡುವೆ ಒಂದು ಮೆಟ್ಟಿಲ ಸಾಲು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಗಿರಾಕಿಗಳು ಬಣ್ಣದಕ್ಕನ ಕಣ್ಣೆಂದರೆ ಕಣ್ಣು ಎಂದು ಹೊಗಳುವಾಗ ಇವನು ಬಾಗಿಲಲ್ಲಿ ನಿಂತು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ತಲೆಯಾಡಿಸುತ್ತಿದ್ದ. ಆ ಹೊಗಳಿಕೆಯೆಲ್ಲ ಈಗ ಹಳಸಿದ ಅನ್ನದಂತೆ ಗಂಟಲಿಗೆ ಬಂತು.

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಆ ಕುರ್ಚಿಯಿಂದ ಎದ್ದುಬಿಡ್ತಿದ್ದೆ. ನಿನ್ನ ಗುಣ ನನಗೆ ಗೊತ್ತಿಲ್ವಾ?"

"ಅದಕ್ಕೆ ನನ್ನ ಕಣ್ಣಿಗೆ ನೀವೇ ಬಟ್ಟೆ ಕಟ್ಟಿ ಕೂರಿಸಿದ್ರಾ?"

ಗಂಡನಿಗೆ ಅದು ತಾಗಿತು. ಆಮೇಲೆ ದನಿ ಇಳಿಸಿ, ಕಂಬದ ಮರೆಯ ಮಾನಿಟರಿನ ಕಡೆ ಗಲ್ಲ ತೋರಿಸಿದ.

"ಅದನ್ನ ತಗೊಂಡುಬಿಡೋಣ. ಅದರಲ್ಲಿ ನಿನಗೆ ಬಿಳಿ ಬಿಳಿಯಾಗೇ ಕಾಣುತ್ತೆ. ನೀನು ಹೆಚ್ಚಿಗೆ ನೀಲಿ ಹಾಕಲ್ಲ, ನಾನು ತೆಗೆಯೋದೂ ತಪ್ಪುತ್ತೆ. ಕಾರ್ಡು ಸರಿಯಾಗಿ ಬರುತ್ತೆ. ಯಾರಿಗೂ ಗೊತ್ತಾಗೋದಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಅದು ನಡೆಯುವ ಮಾತೇ ಆಗಿತ್ತು. ವಕ್ರ ಕಣ್ಣಿಗೆ ವಕ್ರ ಸ್ಕ್ರೀನು, ಎರಡೂ ಸೇರಿ ನೆಟ್ಟಗೆ. ಕಾರ್ಡು ಸರಿಯಾಗುತ್ತದೆ, ಸಾಹುಕಾರರು ತಣ್ಣಗಾಗುತ್ತಾರೆ, ಕುರ್ಚಿ ಉಳಿಯುತ್ತದೆ. ಅವಳ ಮನಸ್ಸು ಒಂದು ಗಳಿಗೆ ಆ ಕಡೆ ಜಾರಿತು. ಹೂಂ ಎನ್ನಲು ನಾಲಿಗೆ ತುದಿಗೆ ಬಂದಿತ್ತು.

ಅಷ್ಟರಲ್ಲಿ ಮೈದುನ ಬಂದ. ಬೆವರಿದ್ದ. ನಾಳೆ ಬೆಳಿಗ್ಗೆ ಒಂದು ಕಾರ್ಡಾದರೂ ಅಚ್ಚು ಹಾಕಿ ಕೈಗೆ ಕೊಡಬೇಕಂತೆ, ಇಲ್ಲದಿದ್ದರೆ ಬೇರೆ ಪ್ರೆಸ್ಸು ನೋಡಿಕೊಳ್ಳುತ್ತಾರಂತೆ. ವಾದ ಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಆಯ್ತಪ್ಪ, ಇಬ್ರೂ ಅದೇ ಅಂತೀರಿ. ಇಷ್ಟು ವರ್ಷ ಬಣ್ಣದಲ್ಲಿ ಅತ್ತಿಗೆ ಮಾತು ಮೀರಿಲ್ಲ, ಇವತ್ತು ಯಾಕೆ ಮೀರಲಿ. ಅದನ್ನೇ ಕಟ್ಟಿ." ಎಂದು ಅಂಗಡಿಯವನಿಗೆ ಹೇಳಿದ.

ಅಂಗಡಿಯವನು ನಿಮ್ಮಿಷ್ಟ ಎಂದು ಭುಜ ಕುಣಿಸಿ, ಕಂಬದ ಹಿಂದೆ ಬಗ್ಗಿ ವೈರು ಕೀಳತೊಡಗಿದ. ಗಂಡ ಅವಳ ಕಡೆ ನೋಡಿದ. ಕೆಲಸ ಕೈಗೂಡಿತು ಎನ್ನುವ ನೋಟ. ಅವಳಿಗೆ ಆ ನೋಟವೇ ಹೆದರಿಕೆ ಹುಟ್ಟಿಸಿತು. ಮೈದುನ ತನ್ನ ಮಾತು ನಂಬಿ ಕಟ್ಟಿಸುತ್ತಿದ್ದಾನೆ. ಇವತ್ತಿನ ಕಣ್ಣಿಗೆ ಇವತ್ತಿನ ನೀಲಿ ಸಾಕು. ನಾಳೆ ಕಣ್ಣು ಇನ್ನಷ್ಟು ಹಳದಿಯಾದರೆ? ಮತ್ತೆ ಕೆಳಗೆ ಇವನ ಕೈ ತಿರುಪಿಗೆ ಹೋಗುತ್ತದೆ. ಮತ್ತೆ ಊಟದ ಮೇಜಿನಲ್ಲಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಈ ಸಲವಾದರೆ ಇಬ್ಬರಿಗೂ ಗೊತ್ತಿದ್ದೇ.

ಮೈದುನನ ಕೈಚೀಲದಲ್ಲಿ ರೀಲಿನ ಪೆಟ್ಟಿಗೆ ಇತ್ತು. ಬೇಕಾದೀತೆಂದು ಅವನೇ ತಂದಿದ್ದ. ಅವಳು ಕೈ ಚಾಚಿ ಇಸಿದುಕೊಂಡಳು. ಮುಚ್ಚಳ ತೆಗೆದು ಕೊನೆಯ ಸಾಲಿನ ಎರಡು ಕಡುಬಣ್ಣದ ರೀಲುಗಳನ್ನು ಎತ್ತಿ, ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹೋದಳು. ಮೈದುನ ಹಿಂದೆಯೇ ಬಂದ.

"ಇದರಲ್ಲಿ ಕಪ್ಪು ಯಾವುದು?" ಎಂದಳು.

"ಇದೇನು ಅತ್ತಿಗೆ, ನನಗೆ ಪರೀಕ್ಷೆನಾ? ಅಪ್ಪ ಹೀಗೇ ಮಾಡ್ತಿದ್ರು. ಇದು ಕಪ್ಪು, ಇದು ಕಡುನೀಲಿ. ಕುರುಡನಿಗೂ ಗೊತ್ತಾಗುತ್ತೆ."

"ನನಗೆ ಗೊತ್ತಾಗ್ತಿಲ್ಲ ಕಣಪ್ಪ."

ಮೈದುನ ನಕ್ಕ. ಅವಳು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು. ರೀಲುಗಳನ್ನು ನೋಡಿದ, ಅವಳ ಕಣ್ಣು ನೋಡಿದ, ಕಂಬದ ಮರೆಯ ಮಾನಿಟರ್ ನೋಡಿದ. ಆಮೇಲೆ ಅಣ್ಣನ ಮುಖ ನೋಡಿದ. ಅಲ್ಲಿ ಎಲ್ಲವೂ ಬರೆದಿತ್ತು. ಗೋಡೆಯ ಮೇಲೆ ಗಿಳಿ ಮಾತ್ರ ಸದ್ದಿಲ್ಲದೆ ರೆಕ್ಕೆ ಬಡಿಯುತ್ತಿತ್ತು.

"ಎಷ್ಟು ದಿನದಿಂದ?"

"ನಿಮ್ಮಣ್ಣನ್ನ ಕೇಳು. ನನಗಿಂತ ಅವರಿಗೇ ಚೆನ್ನಾಗಿ ಗೊತ್ತು."

ಗಂಡ ತಲೆ ತಗ್ಗಿಸಿದ. ಬಣ್ಣದಕ್ಕ ಅಂಗಡಿಯವನ ಹತ್ತಿರ ಹೋದಳು. ಅವನು ಅರ್ಧ ಕಿತ್ತ ವೈರು ಹಿಡಿದುಕೊಂಡು, ಮನೆಯೊಳಗಿನ ಮಾತು ಕೇಳಿಸಿಕೊಂಡವನ ಮುಜುಗರದಲ್ಲಿ ನಿಂತಿದ್ದ.

"ಅದು ಬೇಡ. ನಿಮ್ಮ ಕಣ್ಣಿಗೆ ಯಾವುದು ಬೆಳ್ಳಗೆ ಕಾಣುತ್ತೋ ಅದನ್ನ ಕಟ್ಟಿ."

ಅವನು ನಡುವಿನ ಸಾಲಿನದನ್ನು ಇಳಿಸಿದ. ಕಟ್ಟುತ್ತ ಕಟ್ಟುತ್ತ, ನಮ್ಮಮ್ಮನಿಗೂ ಹೀಗೇ ಆಗಿತ್ತು, ಕಣ್ಣಿನ ಪೊರೆ ತೆಗೆದ ಮೇಲೆ ಮನೆಯ ಗೋಡೆಯನ್ನೆಲ್ಲ ಇಷ್ಟು ಗಲೀಜಾಗಿ ಇಟ್ಟುಕೊಂಡಿದ್ದೀರಲ್ಲ ಎಂದು ನಮಗೆ ಬೈದರು ಎಂದ. ಯಾರೂ ನಗಲಿಲ್ಲವಾದರೂ ಅವನ ಮಾತು ಯಾರಿಗೂ ಬೇಡವಾಗಲಿಲ್ಲ.

ವ್ಯಾನಿನಲ್ಲಿ ಮೈದುನ ಗೇರು ಬದಲಾಯಿಸುವ ರಭಸದಲ್ಲೇ ಅವನ ಸಿಟ್ಟು ಗೊತ್ತಾಗುತ್ತಿತ್ತು. ಬಣ್ಣದಕ್ಕ ತೊಡೆಯ ಮೇಲೆ ರೀಲಿನ ಪೆಟ್ಟಿಗೆ ಇಟ್ಟುಕೊಂಡು, ಬೈಂಡಿಂಗ್ ಮೇಜಿನ ಅಂಟಿನ ವಾಸನೆಯನ್ನು ಈಗಲೇ ಮೂಗಿಗೆ ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಪ್ರೆಸ್ಸಿನ ಬೀದಿಗೆ ತಿರುಗುವಾಗ ಅವನು ಬಾಯಿಬಿಟ್ಟ.

"ಅಪ್ಪ ಇದ್ದಿದ್ರೆ ಇಬ್ರಿಗೂ ಬಾರಿಸ್ತಿದ್ರು."

"ಬಾರಿಸ್ತಿದ್ರು," ಎಂದಳು.

"ಈ ಕಾರ್ಡು ನೀವೇ ಮಾಡಿ. ರೀಲು ಪಕ್ಕದಲ್ಲಿಟ್ಕೊಂಡು ಮಾಡಿ. ಅಣ್ಣ ಮೇಲೆ ಬಂದು ಕೂರಬೇಕು. ಸರಿ ಇದ್ರೆ ಸರಿ, ಇಲ್ಲದಿದ್ರೆ ಇಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಕಾರ್ಡು ಸಾಹುಕಾರರಿಗೆ ಒಪ್ಪಿಗೆಯಾದ್ರೆ, ನಿಮ್ಮ ಕಣ್ಣು ಸರಿಯಾಗೋ ತನಕ ಹೀಗೇ ನಡೀಲಿ, ಕುರ್ಚಿಗೆ ಬೇರೆಯವರನ್ನ ತರಲ್ಲ. ಹೇಳದೆ ಕೇಳದೆ ಯಾರಾದ್ರೂ ತಿರುಪು ಮುಟ್ಟಿದ್ರೆ ಇಬ್ರನ್ನೂ ಬೈಂಡಿಂಗಿಗೆ ಕೂರಿಸ್ತೀನಿ."

ಗೂನಜ್ಜನನ್ನು ಇಬ್ಬರು ಹಿಡಿದು ಕೆಳಗಿಳಿಸಿದರು. ಹೊಸದು ಮೇಜಿನ ಮೇಲೆ ಕೂತಾಗ ಹಿಂದಿನ ಗೋಡೆಯಲ್ಲಿ ಸುಣ್ಣ ಕಾಣದ ಒಂದು ಚೌಕ ಬಯಲಾಯಿತು. ಗಂಡ ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ತುದಿಯಲ್ಲಿ ಕೂತ. ಅವಳು ಒಂದೊಂದೇ ಬಣ್ಣ ತೆರೆದು, ತನಗೆ ಕಂಡಂತೆ ಹೊಂದಿಸಿ, ರೀಲನ್ನು ಅವನ ಕೈಗೆ ಕೊಟ್ಟಳು. ಅವನು ಸ್ಕ್ರೀನಿನ ಪಕ್ಕ ಹಿಡಿದು ನೋಡಿದ.

"ಪರವಾಗಿಲ್ಲ," ಎಂದ.

"ಪರವಾಗಿಲ್ಲ ಅಂದ್ರೆ ಏನು ಬಣ್ಣ?"

"ನೀಲಿ ಹೆಚ್ಚಿದೆ."

"ಎಷ್ಟು?"

"ಸ್ವಲ್ಪ." ಅವಳು ಕತ್ತು ತಿರುಗಿಸದೆ ಕಾದಳು. "ಸ್ವಲ್ಪ ಅಲ್ಲ. ಚೆನ್ನಾಗೇ ಹೆಚ್ಚಿದೆ."

ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತೆ ಬಡಿಯಿತು. ನೀಲಿ ಇಳಿಸಿದಳು. ಇನ್ನೂ ಇಳಿಸು ಎಂದ. ತನ್ನ ಕಣ್ಣಿಗೆ ಬಣ್ಣ ಕೊಳಕಾಗಿ ಕಾಣುವ ತನಕ ಇಳಿಸಿದಳು. ಆಗ ಅವನು ಸಾಕು ಎಂದ. ಹಾಗೇ ಮುಂದಿನದು, ಹಾಗೇ ಅದರ ಮುಂದಿನದು. ನಡುವೆ ಜಗಳವೂ ಆಯಿತು. ಕೆನೆಬಣ್ಣಕ್ಕೆ ಅವನು ಇಲ್ಲ ಎಂದಷ್ಟೂ ಸಲ ಅವಳು ಹಲ್ಲು ಕಚ್ಚಿದಳು, ಮಿಷನ್ನಿನ ಎಣ್ಣೆಯಲ್ಲಿ ನಿಮ್ಮ ಕಣ್ಣೂ ಜಿಡ್ಡಾಗಿದೆ ಎಂದಳು. ಅವನು, ಆಗಿರಬಹುದು, ಆದರೂ ಇದು ಸರಿ ಇಲ್ಲ ಎಂದ. ಅಷ್ಟು ವರ್ಷಗಳ ಸಂಸಾರದಲ್ಲಿ ಅವನು ಅವಳಿಗೆ ಅಷ್ಟು ಸಲ ಇಲ್ಲ ಎಂದದ್ದು ಅದೇ ಮೊದಲು.

ಪ್ಲೇಟು ಆಗಿ ಬಂದು ಮಿಷನ್ನಿಗೆ ಏರುವಾಗ ಬೀದಿಯಲ್ಲಿ ದೀಪ ಹತ್ತುತ್ತಿತ್ತು. ಬಣ್ಣದಕ್ಕ ಕೆಳಗಿಳಿದು ಗಂಡನ ಪಕ್ಕ ನಿಂತಳು. ಮೈದುನ ಬಾಗಿಲಿಗೆ ಒರಗಿ ನಿಂತ. ಮಿಷನ್ ಸದ್ದು ಮಾಡಿ ತಿರುಗತೊಡಗಿತು. ಗಂಡನ ಕೈ ತಾನೇ ತಾನಾಗಿ ನೀಲಿಯ ತಿರುಪಿನ ಕಡೆ ಹೋಯಿತು. ಅದಕ್ಕೆ ದಾರಿ ಗೊತ್ತಿತ್ತು.

"ಮುಟ್ಟಬೇಡಿ," ಎಂದಳು.

ಕೈ ಅಲ್ಲೇ ನಿಂತಿತು. ಅವನು ಅದನ್ನು ಹಿಂದಕ್ಕೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

ಹಾಳೆಗಳು ಬಿದ್ದವು. ಇಂಕು ಹದಕ್ಕೆ ಬರುವ ತನಕ ಬಿಟ್ಟು, ಒಂದನ್ನು ಎಳೆದು ದೀಪದ ಕೆಳಗಿನ ಮೇಜಿನ ಮೇಲೆ ಹರವಿದ. ರೀಲುಗಳನ್ನು ಚೌಕಗಳ ಮೇಲೆ ಒಂದೊಂದಾಗಿ ಇಡುತ್ತ ಬಂದ. ಬಣ್ಣದಕ್ಕ ಹಾಳೆಯನ್ನು ನೋಡಲಿಲ್ಲ. ನೋಡಿದರೆ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನ ಮುಖ ನೋಡುತ್ತ ನಿಂತಳು. ಬಿಳಿ, ಕೆನೆ, ಗುಲಾಬಿ. ಹುಬ್ಬು ಅಲುಗಲಿಲ್ಲ. ಹಸಿರುಗಳ ಸಾಲಿನಲ್ಲಿ ಒಂದು ಕಡೆ ತಡೆದ, ಬಗ್ಗಿ ನೋಡಿದ, ಮುಂದೆ ಹೋದ. ಕೊನೆಯ ಸಾಲಿನ ಕಡುನೀಲಿಯ ಮೇಲೆ ರೀಲು ಇಟ್ಟು ಬಹಳ ಹೊತ್ತು ಹಾಗೇ ಇದ್ದ.

"ಸರಿ ಇದೆ," ಎಂದ ಗಂಡ.

ಮಧ್ಯಾಹ್ನದಿಂದ ಇಲ್ಲ ಇಲ್ಲ ಎನ್ನುತ್ತಲೇ ಬಂದ ಬಾಯಿ ಅದು. ಅವಳು ನಂಬಿದಳು. ಮೇಜಿನಿಂದ ಹಾಳೆಯನ್ನು ಇಂಕು ಒರೆಸಿಹೋಗದಂತೆ ಅಂಚು ಹಿಡಿದು ಎತ್ತಿ, ಮೈದುನನ ಕೈಗೆ ಕೊಟ್ಟು, ಒಣಗಲು ಹಾಕು ಎಂದಳು.